ಪಟ್ಟಿಯ ನಲವತ್ತೇಳನೆಯ ಸಾಲು

ಅವೆನ್ಯೂ ಎಲ್, ಸಸ್ಕಟೂನ್
17 ಸೆಪ್ಟೆಂಬರ್ 1972

ಪ್ರೀತಿಯ ಪರಸ್ಕಾ,

ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟುಕೊಂಡು ಬರೆಯುತ್ತಿದ್ದೇನೆ. ಆರು ದಿನ ನಮ್ಮ ಮತಗಟ್ಟೆಯ ಎಪ್ಪತ್ತಮೂರು ಮನೆಗಳ ಮೆಟ್ಟಿಲು ಹತ್ತಿ ಇಳಿದು, ಮತದಾರರ ಹೆಸರು ಬರೆಯುವ ಕೆಲಸ ಮುಗಿಸಿದೆ. ಒಟ್ಟಿಗೆ ಇದ್ದವನು ಎದುರು ಪಕ್ಷದ ಥರ್ಲೋ. ಚುನಾವಣೆ ಕಚೇರಿಯವರು ಜೋಡಿ ಕಟ್ಟುವುದೇ ಹಾಗಲ್ಲವೇ, ಕಳೆದ ಸಲ ಗೆದ್ದವರ ಕಡೆಯಿಂದ ಒಬ್ಬರು, ಎರಡನೆಯವರಾಗಿ ಬಂದವರ ಕಡೆಯಿಂದ ಒಬ್ಬರು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರ ಸಹಿ ಬೀಳಬೇಕು. ಮೂವತ್ತು ವರ್ಷ ರೈಲ್ವೆಯಲ್ಲಿ ಟಿಕೆಟ್ ನೋಡಿದ ಮನುಷ್ಯ, ಪ್ರತಿ ಹೆಸರನ್ನೂ ಟಿಕೆಟ್ಟಿನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡುತ್ತಾನೆ. ನಾನೇನು ಕಡಿಮೆಯೇ? ಒಂದು ಮನೆಯ ನೆಲಮಾಳಿಗೆಯಲ್ಲಿದ್ದ ಬಾಡಿಗೆದಾರನನ್ನು ಅವನು ಬಿಟ್ಟುಬಿಟ್ಟ ಅಂತ ಬೀದಿಯಲ್ಲೇ ನಿಲ್ಲಿಸಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. "ನಮ್ಮ ಕಡೆಯವರ ಹೆಸರು ಮಾತ್ರ ಹೇಗ್ರೀ ಕಣ್ಣಿಗೆ ಬೀಳಲ್ಲ ನಿಮಗೆ?" ಅಂದೆ. ಕಳೆದ ಸಲ ನಮ್ಮ ಡೋಬ್ಕೊ ಸೋತದ್ದು ನೂರ ಹನ್ನೆರಡು ಮತಗಳಿಂದ. ಒಂದು ಹೆಸರು ಬಿಟ್ಟುಹೋದರೂ ನಗರದಲ್ಲಿ ಆ ಮನುಷ್ಯನಿಗೆ ಮತವಿಲ್ಲ. ಬಾಯಿ ಮುಚ್ಚಿಕೊಂಡು ಇರಲಿಕ್ಕಾಗುತ್ತದೆಯೇ?

ಮೇಲಿನ ಕೋಣೆಯವಳು ಚೆನ್ನಾಗಿದ್ದಾಳೆ. ನೀನು ಹೇಳಿದಂತೆ ಕಾಗದದಲ್ಲಿ ಹೆಸರು ಬರೆಯುವುದಿಲ್ಲ. ಡಾಕ್ಟರು ಮನೆಗೇ ಬಂದು ಕೈಯ ಪ್ಲಾಸ್ಟರು ಬಿಚ್ಚಿದ್ದಾರೆ. ಬೀಟ್‌ರೂಟ್ ಸಾರು ಎರಡು ಬಟ್ಟಲು ಕುಡಿಯುತ್ತಾಳೆ. ಹೊರಗೆ ಮಾತ್ರ ಕಾಲಿಡುವುದಿಲ್ಲ, ಬಾಗಿಲು ತಟ್ಟಿದರೆ ಈಗಲೂ ಮುಖ ಬಿಳುಚಿಕೊಳ್ಳುತ್ತದೆ. ಓದಿ ಒಲೆಗೆ ಹಾಕು.

ನಿನ್ನ ಅಕ್ಕ,
ನಸ್ತ್ಯಾ

ಜೋರ್ಯಾ ಅಂಚೆ ಮನೆ
22 ಸೆಪ್ಟೆಂಬರ್

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಫೋನ್ ಮಾತ್ರ ಮಾಡಬೇಡ. ಈ ಸಾಲಿನಲ್ಲಿ ಒಂಬತ್ತು ಮನೆಗೆ ಒಂದೇ ತಂತಿ. ನಾವು ಮಾತಾಡಿದರೆ ಒಂಬತ್ತು ಮನೆಯವರೂ ಕಿವಿಗೆ ಹಚ್ಚಿಕೊಂಡು ಕೂರುತ್ತಾರೆ.

ಓರೆಸ್ಟ್ ದಿನಾ ಹನ್ನೊಂದು ಗಂಟೆಗೆ ಹೊಲದಿಂದ ಬಂದು ಕಿಟಕಿಯ ಮುಂದೆ ನಿಲ್ಲುತ್ತಾನೆ. "ನಂಗೇನಾದ್ರೂ ಬಂದಿದ್ಯಾ, ಅಮ್ಮ?" ಅನ್ನುತ್ತಾನೆ. ಇಲ್ಲ ಅನ್ನುತ್ತೇನೆ. ಇಲ್ಲಿಯವರೆಗೆ ಅದು ನಿಜವೇ. ಹೆಂಡತಿ ಎಲ್ಲಿಗೆ ಹೋದಳೆಂದು ಈಗ ನನ್ನನ್ನು ಕೇಳುವುದಿಲ್ಲ. ವಿನ್ನಿಪೆಗ್ ಕಡೆ ಹೋಗಿರಬೇಕೆಂದು ನಾನು ಹೇಳಿದ್ದನ್ನು ನಂಬಿದ ಹಾಗಿದೆ. ಜುಲೈಯಲ್ಲಿ ಅವನು ನಿನ್ನ ಮನೆಯ ಮೂಲೆ ಮೂಲೆ ಹುಡುಕುವಾಗ ಅವಳು ನನ್ನ ಅಂಚೆ ಮನೆಯ ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಚೀಲಗಳ ಹಿಂದೆ ಇದ್ದಳು. ಅವನು ವಾಪಸು ಬಂದ ಮೇಲೆ ಅವಳನ್ನು ಬಸ್ಸು ಹತ್ತಿಸಿದೆ. ಒಮ್ಮೆ ಹುಡುಕಿದ ಜಾಗವನ್ನು ಅವನು ಮತ್ತೆ ಹುಡುಕುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ, ಹೆತ್ತವಳಿಗೆ ಗೊತ್ತಿರುತ್ತದೆ.

ಐದು ವಾರದಿಂದ ಕುಡಿದಿಲ್ಲ. ಮೊನ್ನೆ ನನ್ನ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆದುಕೊಟ್ಟ. ಬಹಳ ತೆಳ್ಳಗೆ, ಅವನಪ್ಪ ತೆಗೆಯುತ್ತಿದ್ದ ಹಾಗೆ. ಇದನ್ನು ನಿನಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಅವಳ ಹೆಸರು ಎಲ್ಲಿಯೂ ಬೀಳದ ಹಾಗೆ ನೋಡಿಕೋ. ಆಸ್ಪತ್ರೆಯ ಚೀಟಿಯಲ್ಲೂ.

ಪರಸ್ಕಾ

ಸಸ್ಕಟೂನ್
3 ಅಕ್ಟೋಬರ್

ಪರಸ್ಕಾ,

ಇದನ್ನು ನಿಂತುಕೊಂಡು ಓದಬೇಡ.

ಇವತ್ತು ಬೆಳಿಗ್ಗೆ ಟಪಾಲಿನಲ್ಲಿ ಮತದಾರರ ಪಟ್ಟಿ ಬಂತು. ನಮ್ಮ ಮನೆಗೆ ಮಾತ್ರವಲ್ಲ, ಎಪ್ಪತ್ತಮೂರು ಮನೆಗೂ. ಹೆಸರು, ಮನೆ ನಂಬರು, ಮಾಡುವ ಕೆಲಸ. ಕೆಳಗೆ ಮತ ಹಾಕುವ ಜಾಗ, ದಿನ, ಗಂಟೆ. ಪ್ರತಿ ಚುನಾವಣೆಯಲ್ಲೂ ಹೀಗೆಯೇ ಕಳಿಸುತ್ತಾರೆ, ಅಕ್ಕಪಕ್ಕದವರು ನೋಡಿ ತಪ್ಪು ಹೇಳಲಿ ಅಂತ. ಪ್ರತಿ ಸಲವೂ ನಾನು ಕನ್ನಡಕ ಹಾಕಿಕೊಂಡು ಯಾರ ವಿಧವೆತನ ಅಚ್ಚಾಗಿದೆ, ಯಾರ ಮನೆಗೆ ಹೊಸಬರು ಬಂದಿದ್ದಾರೆ ಅಂತ ಓದುತ್ತಾ ಚಹಾ ಕುಡಿದಿದ್ದೇನೆ. ಈ ಸಲ ನಲವತ್ತೇಳನೆಯ ಸಾಲಿಗೆ ಬಂದು ನಿಂತೆ. ಅವಳ ಹೆಸರು. ನಿನ್ನ ಮನೆತನದ ಹೆಸರಿನ ಸಮೇತ, ನನ್ನ ಮನೆಯ ನಂಬರಿನ ಎದುರು.

ಅಚ್ಚಿನವರ ತಪ್ಪಲ್ಲ. ಬರೆಸಿದವಳು ನಾನು. ಹೋದ ಕಾಗದದಲ್ಲಿ ನಿನಗೆ ಹೇಳಲಿಲ್ಲ, ಹೇಳುವಂಥದ್ದೇನೂ ಆಗಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಕೊನೆಯ ದಿನ ನಮ್ಮ ಮನೆಗೆ ಬಂದೆವು. ನನ್ನದೊಂದೇ ಹೆಸರು ಬರೆಯಿರಿ ಅಂದೆ. ಥರ್ಲೋ ಅಡುಗೆಮನೆಯ ಮೇಜಿಗೆ ಕೂತು ಪೆನ್ನಿನ ಮುಚ್ಚಳ ತೆಗೆದ. ಆಗಲೇ ಮೇಲೆ ಹಲಗೆ ಕಿರ್ರೆಂದಿತು. ಒಣಗಲು ಇಟ್ಟಿದ್ದ ಎರಡು ತಟ್ಟೆಗಳನ್ನು ಅವನು ನೋಡಿದ, ನನ್ನನ್ನು ನೋಡಿದ. "ಮಿಸೆಸ್ ಹ್ರಿಂಚುಕ್, ನೆಲಮಾಳಿಗೆಯವರನ್ನ ಬಿಡಬಾರದು ಅಂದ್ರಿ. ಮೇಲಿನ ಕೋಣೆಯವರನ್ನ ಬಿಡಬಹುದಾ?" ಅಂದ. ವಾರವಿಡೀ ಅವನಿಗೆ ನಿಯಮದ ಪಾಠ ಹೇಳಿದವಳು, ಅವನ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ. ನೆಂಟರ ಹುಡುಗಿ, ನಾಳೆ ಹೊರಡುತ್ತಾಳೆ ಅಂದಿದ್ದರೆ ಮುಗಿದಿತ್ತು. ಮುಖವೆಲ್ಲ ಕೆಂಪಾಗಿ, ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಇನ್ನೊಂದಿದೆ. ನಾಲ್ಕು ಮನೆ ಆಚೆ ವಾಲ್ಟ್ ಶೆವ್ಕೆನೆಕ್ ಇದ್ದಾನೆ, ನಿನ್ನ ಮಗನ ಜೊತೆ ಜೋರ್ಯಾ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಅವಳ ಮುಖ ಅವನಿಗೆ ಗೊತ್ತಿಲ್ಲ. ಹೆಸರು ಗೊತ್ತು.

ಅಲ್ಲಿಗೆ ಏನಾದರೂ ಬಂದಿದೆಯೇ? ಕೂಡಲೇ ಬರೆ. ನನಗೆ ಬಹಳ ಭಯವಾಗಿದೆ.

ನಸ್ತ್ಯಾ

ಜೋರ್ಯಾ
12 ಅಕ್ಟೋಬರ್

ಪ್ರೀತಿಯ ಅಕ್ಕ,

ಉತ್ತರ ತಡವಾಯಿತು. ಅಂಗಡಿಗಳ ಕ್ಯಾಟಲಾಗುಗಳು ಬರುವ ವಾರ, ಕೈತುಂಬ ಕೆಲಸ.

ಆದದ್ದು ಆಯಿತು. ಇಲ್ಲಿಗೆ ಅಂಥದ್ದೇನೂ ಬಂದಿಲ್ಲ. ನೀನು ಹೆದರಬೇಡ.

ಸುಗ್ಗಿಯ ಹಬ್ಬದ ಊಟಕ್ಕೆ ಓರೆಸ್ಟ್ ಬಂದಿದ್ದ. ಎಲೆಕೋಸಿನ ಸುರುಳಿ ಮಾಡಿದ್ದೆ, ಟರ್ಕಿ ಕೋಳಿಯನ್ನು ಅವನೇ ಕತ್ತರಿಸಿದ. ಪ್ರಾರ್ಥನೆ ಹೇಳು ಅಂದೆ. ಅರ್ಧಕ್ಕೆ ನಿಲ್ಲಿಸಿ ಅತ್ತುಬಿಟ್ಟ. ತಪ್ಪು ಮಾಡಿದೆ, ಒಂದೇ ಒಂದು ಸಲ ಅವಳಿಗೆ ಅದನ್ನು ಹೇಳಬೇಕು, ಆಮೇಲೆ ಅವಳಿಷ್ಟ ಅಂದ. ನಲವತ್ತು ದಾಟುತ್ತಿರುವ ಮಗ ತಟ್ಟೆಯ ಮೇಲೆ ಕಣ್ಣೀರು ಹಾಕಿದರೆ ಕರುಳು ಕೇಳುವುದಿಲ್ಲ ಅಕ್ಕ. ನಿನಗೆ ಮಕ್ಕಳಿಲ್ಲ, ಹೇಳಿದರೆ ನೋಯುತ್ತೀ, ಆದರೂ ಹೇಳುತ್ತೇನೆ.

ಅವಳು ಯಾವಾಗಲಾದರೂ ಅವನ ವಿಷಯ ಎತ್ತುತ್ತಾಳೆಯೇ? ಅವನು ಒಂದು ಕಾಗದ ಬರೆದರೆ ಅಷ್ಟು ದೊಡ್ಡ ಅನಾಹುತವಾಗುತ್ತದೆಯೇ? ಸುಮ್ಮನೆ ಕೇಳಿದೆ.

ಪರಸ್ಕಾ

ಸಸ್ಕಟೂನ್
18 ಅಕ್ಟೋಬರ್

ಪರಸ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮಕ್ಕಳಿಲ್ಲದ ಮಾತು ಹಾಗಿರಲಿ, ಹೊಸದಲ್ಲ. ನೀನು ಮಗನ ಕಡೆ ವಾಲುತ್ತಿದ್ದೀಯೆ. ನನಗೆ ಈಗ ವಾಲ್ಟನಿಗಿಂತ ನಿನ್ನ ಭಯವೇ ಹೆಚ್ಚಾಗಿದೆ.

ಏನು ನಡೆದಿದೆ ಕೇಳು. ಪಟ್ಟಿ ಬಂದ ಮಾರನೆಯ ದಿನವೇ ಥರ್ಲೋ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಮುರಿದ ಕೈಯ ವಿಷಯವನ್ನೂ. ಪಟ್ಟಿ ವಾಪಸು ತೆಗೆದುಕೊಳ್ಳುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಅಂದ. ಸರಿ, ಎದ್ದು ಹೊರಟೆ. ತಿರುಗಿ ನೋಡಿದರೆ ಟೋಪಿ ಹಾಕಿಕೊಳ್ಳುತ್ತಿದ್ದಾನೆ. "ಯಾವ ಮನೆಯಿಂದ ಶುರು ಮಾಡೋಣ?" ಅಂದ.

ಬರೆಯಲು ಹತ್ತಿದ ಮೆಟ್ಟಿಲನ್ನೆಲ್ಲ ಪಟ್ಟಿ ವಾಪಸು ಕೇಳಲು ಮತ್ತೆ ಹತ್ತಿದೆವು. ತಪ್ಪು ಅಚ್ಚಾಗಿದೆ ಅಂತ ಅವನು ಹೇಳಿದ, ಆ ಮುಖದಿಂದ ಬಂದ ಸುಳ್ಳನ್ನು ಯಾರು ತಾನೇ ಅನುಮಾನಿಸುತ್ತಾರೆ! ಪಕ್ಷದ ಕಚೇರಿಗಳಿಗೆ ಕೊಟ್ಟ ಪ್ರತಿಗಳಲ್ಲೂ ಆ ಸಾಲು ಇತ್ತಲ್ಲ, ನಮ್ಮ ಡೋಬ್ಕೊ ಕಡೆಯದಕ್ಕೆ ನಾನು ಮಸಿ ಎಳೆದೆ, ಅವರ ಲೈಟ್‌ಫುಟ್ ಕಡೆಯದಕ್ಕೆ ಅವನು. ನಮ್ಮದನ್ನು ಬಿಟ್ಟು ಎಪ್ಪತ್ತೊಂದು ಮನೆಯ ಪಟ್ಟಿ ನನ್ನ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿದೆ. ಸಿಗದೆ ಹೋದದ್ದು ಒಂದು. ವಾಲ್ಟನ ಹೆಂಡತಿ ಬಾಗಿಲಲ್ಲಿ ನಿಂತು, "ಪಟ್ಟಿ ಬಂದ ದಿನವೇ ನಮ್ಮವರು ಅದನ್ನ ಊರಿಗೆ ಪೋಸ್ಟ್ ಮಾಡಿದ್ರಲ್ಲ, ಹಳೇ ಸ್ನೇಹಿತನ ಹೆಸರು ಇದೆ ಅಂತ" ಅಂದಳು.

ಊರಿಗೆ ಅಂದರೆ ಜೋರ್ಯಾಗೆ. ಜೋರ್ಯಾಗೆ ಹೋದ ಕಾಗದ ನಿನ್ನ ಕೈ ದಾಟದೆ ಎಲ್ಲಿಗೆ ಹೋಗುತ್ತದೆ? ನೀನು ಬಂದಿಲ್ಲ ಅನ್ನುತ್ತೀ.

ಓರೆಸ್ಟ್‌ನ ಟ್ರಕ್ಕಿನ ಹಾಗೇ ಕಾಣುವ ಹಸಿರು ಟ್ರಕ್ಕೊಂದು ಎರಡು ದಿನ ಸಂಜೆ ಎದುರು ಬೀದಿಯಲ್ಲಿ ನಿಂತಿತ್ತು. ಲಟ್ಟಣಿಗೆ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದೆ, ನಗಬೇಡ. ಆಮೇಲೆ ನೋಡಿದರೆ ಲೈಟ್‌ಫುಟ್ ಕಡೆಯ ಹುಡುಗರು, ಅಂಗಳದಲ್ಲಿ ಹಲಗೆ ನೆಡಲು ಬಂದವರು. ಆದರೆ ಓರೆಸ್ಟ್ ನಮ್ಮನ್ನು ಹುಡುಕಿಕೊಂಡು ಮನೆಗೆ ಬರಬೇಕಾಗಿಯೇ ಇಲ್ಲ. ಮೂವತ್ತನೆಯ ತಾರೀಖು, ಮತದಾನದ ದಿನ, ಚರ್ಚಿನ ನೆಲಮಾಳಿಗೆಯ ಬಾಗಿಲಲ್ಲಿ ಬಂದು ನಿಂತರೆ ಸಾಕು. ಪಟ್ಟಿಯಲ್ಲೇ ಅಚ್ಚು ಹಾಕಿ ಕೊಟ್ಟಿದ್ದಾರೆ.

ಹೆಸರು ತೆಗೆಸಿಬಿಡೋಣ, ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಇಲ್ಲಿ ಅಂಥವಳು ಯಾರೂ ಇಲ್ಲ ಅನ್ನುತ್ತೇನೆ ಅಂದೆ. ಅವಳು ಒಪ್ಪಲಿಲ್ಲ. ಪಟ್ಟಿಯನ್ನು ಮೇಲಿನ ಕೋಣೆಗೆ ಒಯ್ದು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. "ಜೋರ್ಯಾದಲ್ಲಿ ಮತ ಹಾಕೋಕೆ ಹೋದಾಗ ನಮ್ಮನೆಯವರೇ ನನ್ನ ಪೆನ್ಸಿಲ್ ಕಿತ್ಕೊಂಡು ಗುರುತು ಹಾಕಿದ್ರು. ಇದು ನನ್ನ ಹೆಸರು ದೊಡ್ಡಮ್ಮ. ಪೂರ್ತಿ ಇದೆ. ತೆಗೆಸ್ಬೇಡಿ" ಅಂದಳು.

ನಿನಗೆ ನೆನಪಿದೆಯೇ, ಅವಳ ಕೈ ಮುರಿದ ದಿನ ಬಾಗಿಲಿಗೆ ಸಿಕ್ಕಿತು ಅಂದಿದ್ದಳು. ನೀನು ಹೌದೇ ಪಾಪ ಅಂದೆಯಂತೆ. ಮತ್ತೆ ಮೂರು ವಾರ ಬೇಕಾಯಿತು ನಿನಗೆ, ಅವಳನ್ನು ನೆಲಮಾಳಿಗೆಗೆ ಇಳಿಸಲು. ಅಳುವ ಮಗನನ್ನು ನೋಡಿ ಅದನ್ನು ಮರೆಯಬೇಡ.

ನಸ್ತ್ಯಾ

ಜೋರ್ಯಾ
25 ಅಕ್ಟೋಬರ್

ಅಕ್ಕ,

ನಿನ್ನ ಕಾಗದ ಬಂತು. ಬೈದದ್ದು ಸರಿ.

ಅವಳು ಮತ ಹಾಕಲಿ. ನೀನು ಅಡ್ಡ ಬರಬೇಡ.

ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ. ಹೆಚ್ಚು ಕೇಳಬೇಡ.

ಪರಸ್ಕಾ

ಸಸ್ಕಟೂನ್
31 ಅಕ್ಟೋಬರ್

ನನ್ನ ಮುದ್ದು ಪರಸ್ಕಾ,

ಅವನು ಬರಲಿಲ್ಲ!

ಮೊದಲು ಅದನ್ನೇ ಬರೆದೆ, ಇನ್ನು ನಿಧಾನವಾಗಿ ಹೇಳುತ್ತೇನೆ. ನಿನ್ನ ಆ ನಾಲ್ಕು ಸಾಲು ಓದಿ ನನ್ನ ನಿದ್ದೆಯೇ ಹಾರಿಹೋಗಿತ್ತು. ನೋಡಿಕೊಳ್ಳುತ್ತೇನೆ ಅಂದರೆ ಏನು ನೋಡಿಕೊಳ್ಳುತ್ತೀ? ಮಗನಿಗೆ ವಿಳಾಸ ಕೊಟ್ಟು, ಒಳ್ಳೆಯ ಮಾತು ಹೇಳಿ ಕಳಿಸುತ್ತಿದ್ದೀಯೇನೋ ಅಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ಕ್ಷಮಿಸು.

ನಿನ್ನೆ ಬೆಳಿಗ್ಗೆಯಿಂದ ನಾನು ಡೋಬ್ಕೊ ಏಜೆಂಟಾಗಿ ಚರ್ಚಿನ ನೆಲಮಾಳಿಗೆಯಲ್ಲಿ ಮೇಜಿನ ಹಿಂದೆ ಇದ್ದೆ. ಪಕ್ಕದ ಕುರ್ಚಿಯಲ್ಲಿ ಲೈಟ್‌ಫುಟ್ ಏಜೆಂಟಾಗಿ ಥರ್ಲೋ. ಬಾಗಿಲು ತೆರೆದಾಗಲೆಲ್ಲ ತಣ್ಣನೆಯ ಗಾಳಿ, ನಾವಿಬ್ಬರೂ ಒಟ್ಟಿಗೆ ತಲೆಯೆತ್ತುವುದು. ಮೂರು ಗಂಟೆಗೆ ಅವಳು ಬಂದಳು, ಮಿಸೆಸ್ ಥರ್ಲೋ ತೋಳು ಹಿಡಿದುಕೊಂಡು. ಜುಲೈಯಿಂದ ಇದೇ ಮೊದಲ ಸಲ ಬೀದಿಗೆ ಇಳಿದದ್ದು. ಗುಮಾಸ್ತ ಪಟ್ಟಿ ನೋಡಿ, ಏಜೆಂಟರಿಗೆಲ್ಲ ಕೇಳುವ ಹಾಗೆ ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದ. ಪಟ್ಟಿಗೆ ಬರೆಸಿದ್ದು ಬಿಟ್ಟರೆ ನಾಲ್ಕು ತಿಂಗಳಿಂದ ನಾವು ಪಿಸುಮಾತಿನಲ್ಲೂ ಆಡದ ಹೆಸರು, ಗೋಡೆಗೆ ಬಡಿದು ವಾಪಸು ಬಂತು. ಅವಳು "ಹೌದು, ನಾನೇ" ಅಂದಳು.

ಪರದೆಯ ಹಿಂದೆ ಎಷ್ಟು ಹೊತ್ತು ನಿಂತಳೆಂದರೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಥರ್ಲೋ ಕೆಮ್ಮಿ ಅವರ ಕಡೆ ಒಂದು ನೋಟ ನೋಡಿದ, ಸುಮ್ಮನಾದರು. ಚೀಟಿಯನ್ನು ಪೆಟ್ಟಿಗೆಗೆ ಹಾಕಿ ಹೊರಗೆ ಹೋದಳು. ಹೊರಗೆ ಯಾರೂ ಇರಲಿಲ್ಲ. ಹಿಮ ಬೀಳಲು ಶುರುವಾಗಿತ್ತು, ಅಷ್ಟೇ.

ಎಣಿಕೆ ಮುಗಿದಾಗ ಡೋಬ್ಕೊ ಮೂವತ್ತೆಂಟು ಮತಗಳಿಂದ ಸೋತಿದ್ದ. ಬೇರೆ ಸಲವಾದರೆ ವಾರ ಊಟ ಬಿಡುತ್ತಿದ್ದೆ. ಥರ್ಲೋ ಹಿಗ್ಗಲಿಲ್ಲ, ನನ್ನ ಕೋಟು ತಂದುಕೊಟ್ಟ. ಮನೆಗೆ ಬಂದು ಯಾರಿಗೆ ಹಾಕಿದೆ ಅಂತ ಹುಡುಗಿಯನ್ನು ಕೇಳಿದೆ. "ಅದು ಗುಟ್ಟು ದೊಡ್ಡಮ್ಮ" ಅಂದಳು. ನಮ್ಮ ಮನೆಯಲ್ಲಿ ಇಷ್ಟು ಸಂತೋಷದ ಗುಟ್ಟು ಇದ್ದದ್ದು ಇದೇ ಮೊದಲು. ನಮ್ಮವನಿಗೆ ಹಾಕಿಲ್ಲ ಅಂತ ನನಗೆ ಅನುಮಾನ.

ನೀನು ಹೇಳಿದ್ದೇ ನಿಜವಿರಬೇಕು. ಅವನು ಬದಲಾಗಿದ್ದಾನೆ, ಅಥವಾ ವಾಲ್ಟನ ಲಕೋಟೆ ಎಲ್ಲೋ ಕಳೆದುಹೋಗಿದೆ. ಓರೆಸ್ಟ್‌ಗೆ ನನ್ನ ಕಡೆಯಿಂದ ಒಂದು ಒಳ್ಳೆಯ ಮಾತು ಹೇಳು. ಹೇಗೆಂದು ನೀನೇ ಯೋಚಿಸು.

ನಿನ್ನ ನಸ್ತ್ಯಾ

ಜೋರ್ಯಾ
6 ನವೆಂಬರ್

ಅಕ್ಕ,

ಅಕ್ಷರ ನೋಡಿ ಬೇರೆ ಯಾರೋ ಬರೆದದ್ದು ಅಂದುಕೊಳ್ಳಬೇಡ. ನಾನೇ, ಎಡಗೈಯಲ್ಲಿ. ಎರಡು ದಿನದಿಂದ ಬರೆಯುತ್ತಿದ್ದೇನೆ.

ವಾಲ್ಟನ ಲಕೋಟೆ ಕಳೆದಿರಲಿಲ್ಲ. ಅಕ್ಟೋಬರ್ ಐದಕ್ಕೇ ಬಂದಿತ್ತು. ನಿನ್ನ ಕಾಗದವೂ ಅದೇ ಚೀಲದಲ್ಲಿತ್ತು, ನಿನ್ನದನ್ನು ಮೊದಲು ಓದಿದೆ. ಓರೆಸ್ಟ್‌ನ ಹೆಸರಿಗೆ ಬಂದ ಲಕೋಟೆಯನ್ನು ಸ್ಟ್ಯಾಂಪಿನ ಡ್ರಾಯರಿನ ಕೆಳಗೆ ಇಟ್ಟೆ. ಹನ್ನೊಂದಕ್ಕೆ ಅವನು ಬಂದು ಕೇಳಿದ. ಇಲ್ಲ ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಯಾರ ಕಾಗದವನ್ನೂ ಒಂದು ಗಂಟೆ ತಡ ಮಾಡಿದವಳಲ್ಲ ನಾನು. ನಿನಗೂ ಬಂದಿಲ್ಲ ಅಂತ ಬರೆದೆ. ಬಂದಿದೆ ಅಂದಿದ್ದರೆ ಸುಟ್ಟುಬಿಡು ಅನ್ನುತ್ತಿದ್ದೆ ನೀನು. ಸುಡಲು ನನಗೆ ಮನಸ್ಸಿರಲಿಲ್ಲ. ಹಬ್ಬದ ದಿನ ಅವನು ಅತ್ತಾಗ ಎದ್ದು ಹೋಗಿ ಅದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಂದಿದ್ದೆ, ಗೊತ್ತೇ? ಊಟ ಮುಗಿಯುವವರೆಗೆ ಜೇಬಿನಲ್ಲೇ ಇತ್ತು. ಕೊಡಲಿಲ್ಲ. ಯಾಕೆಂದು ಹೇಳಲಾರೆ. ಒಳ್ಳೆಯ ಕಾರಣಕ್ಕೆ ಅಂತ ಹೇಳಿದರೆ ಸುಳ್ಳಾಗುತ್ತದೆ, ನನಗೆ ಬರೀ ಭಯವಿತ್ತು.

ಇಪ್ಪತ್ತೊಂಬತ್ತು, ಭಾನುವಾರ, ಚರ್ಚಿನ ಮುಂದೆ ವಾಲ್ಟನ ತಮ್ಮ ಸಿಕ್ಕಿ, ಅಣ್ಣ ಏನೋ ಕಳಿಸಿದ್ದನಲ್ಲ, ತಲುಪಿತೇ ಅಂತ ಓರೆಸ್ಟ್‌ನನ್ನು ಕೇಳಿದ. ಕಳಿಸಿದ್ದು ಏನೆಂದು ಆ ತಮ್ಮನಿಗೂ ಗೊತ್ತಿರಲಿಲ್ಲ. ಓರೆಸ್ಟ್ ನೇರವಾಗಿ ಮನೆಗೆ ಬಂದ. ಕೂಗಾಡಲಿಲ್ಲ. "ಅಮ್ಮ, ನನ್ನ ಕಾಗದ ಕೊಡು" ಅಂದ. ಟ್ರಕ್ಕನ್ನು ಚಾಲೂ ಇಟ್ಟೇ ಬಂದಿದ್ದ, ಅದರ ಸದ್ದು ಕೇಳುತ್ತಿತ್ತು. ಅವನ ಮುಖ ನೋಡಿದೆ. ಅಳುವ ಮುಖ ಎಲ್ಲೂ ಇರಲಿಲ್ಲ.

ಡ್ರಾಯರು ತೆಗೆದೆ, ಲಕೋಟೆ ಅವನಿಗೆ ತೋರಿಸಿದೆ. ಅವನದೇ ಕಾಗದ, ಕಾಣದ ಹಾಗೆ ಸುಡಬಾರದು ಅನ್ನಿಸಿತು. ಒಲೆಯ ಬಾಗಿಲು ತೆರೆದು ಹಾಕಿದೆ. ಅವನು ಒಲೆಗೆ ಕೈ ಹಾಕಲು ಬಂದ, ನಾನು ಅಡ್ಡ ನಿಂತೆ. ನನ್ನ ಬಲಗೈ ಹಿಡಿದ. ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತಿತ್ತು, ಅಕ್ಕ. ಅಭ್ಯಾಸವಾದ ಕೈ.

ಪಕ್ಕದ ಊರಿನ ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ದಾರಿಯಲ್ಲಿ ಕ್ಷಮಿಸು ಅಂತ ಅಳುತ್ತಿದ್ದ. ಏನಾಯಿತು ಅಂತ ಡಾಕ್ಟರು ಕೇಳಿದ. "ಬಾಗಿಲಿಗೆ ಸಿಕ್ತು" ಅಂದೆ. ನನ್ನ ಬಾಯಿಂದಲೇ ಬಂತು. ಡಾಕ್ಟರು ಹೌದೇ ಪಾಪ ಅಂದ, ಪ್ಲಾಸ್ಟರು ಹಾಕಿದ. ಅವನು ಆ ಮಾತು ಆಡಿದಾಗ ಅದು ಎಷ್ಟು ಕೆಟ್ಟ ಮಾತೆಂದು ನನಗೆ ತಿಳಿಯಿತು.

ಸೋಮವಾರ ಬೆಳಿಗ್ಗೆ ಅವನು ಬರುವ ಮೊದಲೇ ಪೊಲೀಸರಿಗೆ ಫೋನ್ ಮಾಡಿದೆ. ಒಂಬತ್ತು ಮನೆಯವರೂ ಎತ್ತಿಕೊಂಡರು, ಕ್ಲಿಕ್ ಕ್ಲಿಕ್ ಅಂತ ಒಂದೊಂದೂ ಕೇಳಿಸಿತು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. "ನನ್ನ ಮಗ ನನ್ನ ಕೈ ಮುರಿದಿದ್ದಾನೆ. ಹೆಂಡತಿ ಕೈಯನ್ನೂ ಇವನೇ ಮುರಿದದ್ದು. ನನಗೆ ಆಗಲೇ ಗೊತ್ತಿತ್ತು" ಅಂದೆ. ಹನ್ನೊಂದು ಗಂಟೆಗೆ ಅವನು ಕಿಟಕಿಯ ಮುಂದೆ ಬಂದು ನಿಂತಾಗ ಪೊಲೀಸರು ಒಳಗೆ ಕೂತಿದ್ದರು. ಅವನು ನನ್ನನ್ನು ನೋಡಿದ ನೋಟವನ್ನು ನಿನಗೆ ಬರೆಯುವುದಿಲ್ಲ. ನ್ಯಾಯಾಧೀಶರ ಮುಂದೆ ಕರೆದಾಗ ಹೋಗಿ ಇದನ್ನೇ ಹೇಳುತ್ತೇನೆ.

ನಿನಗೆ ಫೋನ್ ಮಾಡಲಿಲ್ಲ, ಮಾಡಿದ್ದರೆ ನನ್ನ ಕೈಯ ಸುದ್ದಿಗೆ ಹೆದರಿ ಅವಳು ಮತ ಹಾಕಲು ಹೋಗುತ್ತಿರಲಿಲ್ಲ. ನಾನೂ ಮಧ್ಯಾಹ್ನ ಹೋಗಿ ಹಾಕಿದೆ. ಎಡಗೈ ಗೆರೆ ಅಂಕುಡೊಂಕಾಯಿತು, ಎಣಿಸಿದರೋ ಬಿಸಾಕಿದರೋ. ಟಪಾಲು ಸುಟ್ಟ ವಿಷಯ ಅಂಚೆ ಇಲಾಖೆಯ ಮೇಲಿನವರಿಗೆ ನಾನೇ ಬರೆದಿದ್ದೇನೆ. ಕಿಟಕಿ ಮುಚ್ಚಿಸುತ್ತಾರೆ. ಮುಚ್ಚಿಸಲಿ.

ರಾತ್ರಿಯಾದರೆ ಈಗಲೂ ಹೆದರಿಕೆಯಾಗುತ್ತದೆ. ಅವನು ನನ್ನ ಮಗನೇ, ಒಂದು ದಿನ ಬಿಡುಗಡೆಯಾಗುತ್ತಾನೆ.

ಈ ಕಾಗದವನ್ನು ಒಲೆಗೆ ಹಾಕಬೇಡ, ಮೇಲಿನ ಕೋಣೆಗೆ ಒಯ್ದು ಕೊಡು. ಬಾಗಿಲಿಗೆ ಸಿಕ್ಕಿತು ಅಂದಾಗ ನಂಬಿದ ಹಾಗೆ ನಟಿಸಿದ್ದೆ ಅಂತ ಅವಳಿಗೆ ಹೇಳು. ಇನ್ನು ಮುಂದೆ ಬರೆಯುವಾಗ ಅವಳು, ಹುಡುಗಿ, ಮೇಲಿನ ಕೋಣೆಯವಳು ಅಂತೆಲ್ಲ ಬರೆಯಬೇಡ. ದಾರ್ಕಾ ಅಂತ ಬರೆ. ದಾರ್ಕಾ ಬೊಡ್ನಾರ್. ನೋಡು, ಎಡಗೈಯಲ್ಲೂ ಬರೆಯಲು ಬಂತು.

ಪರಸ್ಕಾ